ರಿಕಾಲ್ ಆದ ಲೈಟ್ ಫಿಟ್ಟಿಂಗ್: ಚಿಕ್ಕಮಗಳೂರಿನ ಅಂಗಡಿ, ಗೋದಾಮು, ಹೋಂಸ್ಟೇಗಳಲ್ಲಿ ಹುಡುಕುವುದು, ಇಳಿಸುವುದು, ವಾಪಸ್ ಕೊಡುವುದು

ರಿಕಾಲ್ ನೋಟಿಸ್, ಅಂದರೆ ದೋಷವಿರುವ ಫಿಟ್ಟಿಂಗನ್ನು ವಾಪಸ್ ಕರೆಯುವ ಕಾಗದ, ಬಂತೆಂದರೆ ಮೊದಲು ಬಿಲ್ ಫೈಲ್ ತೆಗೆಯಿರಿ. ಏಣಿ ಆಮೇಲೆ.

ಕಂಪನಿಯ ಕಾಗದದಲ್ಲಿ ಇರುವುದು ಒಂದು ಮಾಡೆಲ್ ನಂಬರ್, ಒಂದೋ ಎರಡೋ ಬ್ಯಾಚ್, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ತಯಾರಾದವು ಎಂಬ ಒಂದು ಸಾಲು. ಐ.ಜಿ. ರಸ್ತೆಯ ಬಟ್ಟೆ ಅಂಗಡಿಯಲ್ಲಿ ನಿಂತು ಮೇಲೆ ನೋಡಿದರೆ ಕಾಣುವುದು ಒಂದೇ ಥರ ಬೆಳಗುವ 40 ಬಿಳಿ ಚೌಕ. ಅವುಗಳಲ್ಲಿ ಯಾವ ಹತ್ತು ಆ ಬ್ಯಾಚಿನವು ಅಂತ ಕೆಳಗಿನಿಂದ ಹೇಳಲು ಯಾರಿಗೂ ಬರುವುದಿಲ್ಲ. ಲೇಬಲ್ ಇರುವುದು ಫಿಟ್ಟಿಂಗಿನ ಬೆನ್ನಿಗೆ, ಫಾಲ್ಸ್ ಸೀಲಿಂಗಿನ ಮೇಲೆ, ಧೂಳಿನಲ್ಲಿ. ಕ್ಯೂರಿಂಗ್ ವರ್ಕ್ಸ್‌ನ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ಗೋದಾಮಿನಲ್ಲಾದರೆ 25 ಅಡಿ ಎತ್ತರದ ಟ್ರಸ್ಸಿನ (ಚಾವಣಿ ಹೊರುವ ಚೌಕಟ್ಟು) ಪಕ್ಕದಲ್ಲಿ. ರಿಕಾಲ್ ಕೆಲಸದಲ್ಲಿ ಮುಕ್ಕಾಲು ಪಾಲು ಈ ಹುಡುಕಾಟವೇ. ಹುಡುಕಾಟ ಸರಿಯಾಗದೆ ಎರಡು ಫಿಟ್ಟಿಂಗ್ ಮೇಲೆಯೇ ಉಳಿದರೆ, ಉಳಿದ ಎಂಟನ್ನು ಇಳಿಸಿಯೂ ಬೆಂಕಿಯ ಭಯ ಹೋಗಲಿಲ್ಲ.

ರಿಕಾಲ್ ಯಾರು ಮಾಡಿಸುತ್ತಾರೆ

ಹೆಚ್ಚಿನ ಸಲ ತಯಾರಕರೇ ದೋಷ ಕಂಡು ವಾಪಸ್ ಕರೆಯುತ್ತಾರೆ. ಅವರು ಸುಮ್ಮನಿದ್ದರೆ ಮಾಡಿಸುವ ಅಧಿಕಾರ ಎರಡು ಕಡೆ ಇದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಹಾಕಿಕೊಂಡ ಸಾಮಾನು ಆ ಸ್ಟ್ಯಾಂಡರ್ಡಿಗೆ ಹೊಂದದಿದ್ದರೆ ಮಾರಾಟ ನಿಲ್ಲಿಸಲು, ಮಾರಿದ್ದನ್ನು ವಾಪಸ್ ತರಿಸಲು 2016ರ ಬಿಐಎಸ್ ಕಾಯ್ದೆ ಅವಕಾಶ ಕೊಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಶುರುವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ 20ನೇ ಕಲಮಿನಲ್ಲಿ ಇದೇ ಅಧಿಕಾರವಿದೆ: ಅಪಾಯಕಾರಿ ಸರಕನ್ನು ವಾಪಸ್ ಪಡೆಯಿರಿ, ಕೊಂಡವರಿಗೆ ಹಣ ಮರಳಿಸಿ ಎಂದು ಆದೇಶಿಸಬಹುದು. ಆದೇಶ ಪಾಲಿಸದವರಿಗೆ 6 ತಿಂಗಳವರೆಗೆ ಜೈಲು ಅಥವಾ 20 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ವಿದೇಶದಿಂದ ತರಿಸಿದ ಫಿಟ್ಟಿಂಗ್ ಹಾಕಿದ್ದರೆ ಅಲ್ಲಿನ ಪಟ್ಟಿಗಳನ್ನೂ ನೋಡಬೇಕು. ರೆಸಾರ್ಟ್, ಹೋಂಸ್ಟೇಗಳಲ್ಲಿ ಆನ್‌ಲೈನ್ ಮೂಲಕ ತರಿಸಿದ ಅಲಂಕಾರದ ದೀಪಗಳು ಸಾಕಷ್ಟಿವೆ. ಯುರೋಪಿನಲ್ಲಿ ‘ಸೇಫ್ಟಿ ಗೇಟ್’, ಅಮೆರಿಕದಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಹಲವು ದೇಶಗಳ ರಿಕಾಲ್‌ಗಳನ್ನು ಒಟ್ಟಿಗೆ ಹುಡುಕಲು ಒಇಸಿಡಿಯ (ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ‘ಗ್ಲೋಬಲ್ ರಿಕಾಲ್ಸ್’ ತಾಣ. ಮಾಡೆಲ್ ನಂಬರ್ ಹಾಕಿದರೆ ಫೋಟೊ ಸಮೇತ ಬರುತ್ತದೆ.

ನೋಟಿಸ್ ನಿಜವೇ ನೋಡಿ

ನೋಟಿಸ್ ಸಾಮಾನ್ಯವಾಗಿ ಡೀಲರ್ ಮೂಲಕ ವಾಟ್ಸಾಪಿನಲ್ಲಿ ಬರುತ್ತದೆ, ಯಾರೋ ಯಾರಿಗೋ ಕಳಿಸಿದ್ದು. ಅದರಲ್ಲಿನ ಲಿಂಕ್ ಒತ್ತಬೇಡಿ, ಬ್ಯಾಂಕ್ ವಿವರ ತುಂಬಬೇಡಿ. ಫಿಟ್ಟಿಂಗ್ ಬಂದ ಡಬ್ಬದ ಮೇಲೆ ಗ್ರಾಹಕ ಸೇವೆಯ ನಂಬರ್ ಇರುತ್ತದೆ. ಅಲ್ಲಿಗೆ ನೀವೇ ಫೋನ್ ಮಾಡಿ ಮಾಡೆಲ್, ಬ್ಯಾಚ್ ಓದಿ ಹೇಳಿ ಕೇಳಿ. ಡಬ್ಬ ಇಲ್ಲದಿದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಫಿಟ್ಟಿಂಗಿನ ಆರ್-ನಂಬರ್ (ಲೇಬಲಿನ ಮೇಲಿರುವ ಬಿಐಎಸ್ ನೋಂದಣಿ ಸಂಖ್ಯೆ) ಹಾಕಿ. ಬ್ರ್ಯಾಂಡ್, ತಯಾರಿಸಿದ ಕಾರ್ಖಾನೆ, ನೋಂದಣಿ ಈಗ ಚಾಲ್ತಿಯಲ್ಲಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ನೋಂದಣಿಯೇ ರದ್ದಾಗಿದ್ದರೆ, ನೋಟಿಸ್ ಸುಳ್ಳಾಗಿದ್ದರೂ ಆ ಫಿಟ್ಟಿಂಗ್ ಬಗ್ಗೆ ಎಚ್ಚರ ಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನಿಜವಾದ ನೋಟಿಸಿನಲ್ಲಿ ನಾಲ್ಕು ವಿಷಯ ಇರಲೇಬೇಕು: ಯಾವ ಮಾಡೆಲ್ ಮತ್ತು ಬ್ಯಾಚ್, ದೋಷ ಏನು, ಈ ಕ್ಷಣದಿಂದ ಬಳಸಬಹುದೋ ಬೇಡವೋ, ಪರಿಹಾರ ಏನು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ‘ಕೂಡಲೇ ಬಳಕೆ ನಿಲ್ಲಿಸಿ’ ಎಂದಿದ್ದರೆ ಅವತ್ತೇ ಆ ಲೈನಿನ ಎಂಸಿಬಿ (ಕರೆಂಟ್ ಕಡಿಯುವ ಬ್ರೇಕರ್) ಕೆಳಗೆ. ದೀಪಾವಳಿ ಸೇಲ್ ಇದೆ, ಮದುವೆ ಬುಕ್ ಆಗಿದೆ ಅಂತ ಒಂದು ವಾರ ತಳ್ಳುವುದು ಬೇಡ. ಬಾಡಿಗೆಗೆ ಫ್ಲಡ್ ಲೈಟ್ ಸಿಗುತ್ತದೆ.

ಲೇಬಲ್ ಓದುವುದು

ಫಿಟ್ಟಿಂಗಿನ ಮೇಲೆ ಒಂದು, ಡ್ರೈವರ್ (ಎಲ್‌ಇಡಿಗೆ ಬೇಕಾದಂತೆ ಕರೆಂಟನ್ನು ಹದಮಾಡಿ ಕೊಡುವ ಭಾಗ) ಮೇಲೆ ಒಂದು, ಹೀಗೆ ಎರಡು ಲೇಬಲ್ ಇರುತ್ತವೆ. ಎರಡನ್ನೂ ಓದಬೇಕು. ರಿಕಾಲ್ ಎಷ್ಟೋ ಸಲ ದೀಪಕ್ಕಲ್ಲ, ಒಳಗಿನ ಡ್ರೈವರಿಗೆ. ಒಂದೇ ಡ್ರೈವರನ್ನು ಮೂರು ಬ್ರ್ಯಾಂಡಿನವರು ಕೊಂಡು ಹಾಕಿಕೊಂಡಿರುತ್ತಾರೆ.

ಬಿಐಎಸ್ ಗುರುತಿನ ಜೊತೆ ಸ್ಟ್ಯಾಂಡರ್ಡಿನ ಸಂಖ್ಯೆ, ಕೆಳಗೆ ‘ಆರ್’ ಅಕ್ಷರದ ನಂತರ 8 ಅಂಕಿ. ಗೋಡೆಗೆ, ಸೀಲಿಂಗಿಗೆ ಕಾಯಂ ಹಾಕುವ ಎಲ್‌ಇಡಿ ಫಿಟ್ಟಿಂಗಿಗೆ ಐಎಸ್ 10322ರ 5ನೇ ಭಾಗ, ಎಲ್‌ಇಡಿ ಡ್ರೈವರಿಗೆ ಐಎಸ್ 15885ರ 2ನೇ ಭಾಗದ 13ನೇ ಸೆಕ್ಷನ್, ಹೋಲ್ಡರಿಗೆ ಹಾಕುವ ಎಲ್‌ಇಡಿ ಬಲ್ಬಿಗೆ ಐಎಸ್ 16102. ಫಿಟ್ಟಿಂಗಿನ ಮೇಲೆ ಬಲ್ಬಿನ ಸ್ಟ್ಯಾಂಡರ್ಡ್ ಸಂಖ್ಯೆ ಅಚ್ಚಾಗಿದ್ದರೆ ಅಲ್ಲೇ ಅನುಮಾನ ಪಡಿ. ಬ್ಯಾಚ್ ಸಂಖ್ಯೆ ಕೆಲವರು ತಿಂಗಳು-ವರ್ಷ ಅಂತ ಹಾಕುತ್ತಾರೆ, ಕೆಲವರು ವರ್ಷ-ವಾರ. 2314 ಎಂದಿದ್ದರೆ 2023ನೇ ಇಸವಿಯ 14ನೇ ವಾರ ಇರಬಹುದು, ಬೇರೆಯೇನೋ ಇರಬಹುದು. ಊಹೆ ಮಾಡದೆ ಕಂಪನಿಯನ್ನೇ ಕೇಳಿ.

ಎತ್ತರದ ಫಿಟ್ಟಿಂಗಿನ ಲೇಬಲ್ ಓದಲು ಎಲ್ಲವನ್ನೂ ಇಳಿಸಬೇಕಿಲ್ಲ. ಫಾಲ್ಸ್ ಸೀಲಿಂಗಿನಲ್ಲಿ ಪಕ್ಕದ ಟೈಲ್ ಒಂದನ್ನು ಎತ್ತಿ, ಮೊಬೈಲನ್ನು ಸೆಲ್ಫಿ ಕೋಲಿಗೆ ಸಿಕ್ಕಿಸಿ ಫ್ಲ್ಯಾಷ್ ಹಾಕಿ ಫೋಟೊ ತೆಗೆದರೆ ಸುತ್ತಲಿನ ನಾಲ್ಕು ಫಿಟ್ಟಿಂಗಿನ ಬೆನ್ನು ಸಿಗುತ್ತದೆ. ಆದರೆ ಲೈನ್ ಆಫ್ ಮಾಡಿಯೇ ಕೈ ಒಳಗೆ ಹಾಕಿ. ಸೀಲಿಂಗಿನ ಮೇಲೆ ಬಿಚ್ಚಿದ ಜಾಯಿಂಟ್‌ಗಳು, ಟೇಪ್ ಉದುರಿದ ತುದಿಗಳು ಇರುವುದು ಅಪರೂಪವೇನಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ಕಟ್ಟಡದ ಒರಟು ನಕ್ಷೆ ಬರೆದು ಪ್ರತಿ ಫಿಟ್ಟಿಂಗಿಗೆ ಒಂದು ನಂಬರ್ ಕೊಡಿ: ನೆಲಮಹಡಿಯದು 1ರಿಂದ, ಮೇಲಿನದು 101ರಿಂದ. ನಂಬರಿನ ಮುಂದೆ ಮಾಡೆಲ್, ಬ್ಯಾಚ್, ಫಿಟ್ಟಿಂಗಿನ ಆರ್-ನಂಬರ್, ಡ್ರೈವರಿನ ಆರ್-ನಂಬರ್, ಯಾವ ಎಂಸಿಬಿ, ಬಿಲ್ ಸಂಖ್ಯೆ. ಅದೇ ನಂಬರನ್ನು ಮಾರ್ಕರಿನಲ್ಲಿ ಫಿಟ್ಟಿಂಗಿನ ಅಂಚಿಗೂ ಬರೆಯಿರಿ. ಹೊಸ ಕಟ್ಟಡಕ್ಕೆ ದೀಪ ಹಾಕಿಸುತ್ತಿರುವವರು ಈ ಕೆಲಸವನ್ನು ಫಿಟ್ಟಿಂಗ್ ಮೇಲೇರುವ ಮುಂಚೆಯೇ ಮಾಡಿಸಿ. ನೆಲದ ಮೇಲೆ 40 ಲೇಬಲಿನ ಫೋಟೊ ತೆಗೆಯಲು ಅರ್ಧ ಗಂಟೆ ಸಾಕು, ಮೇಲೆ ಹೋದ ಮೇಲೆ ಎರಡು ದಿನ ಬೇಕು. ಪ್ರತಿ ಬ್ಯಾಚಿನ ಒಂದು ಖಾಲಿ ಡಬ್ಬವನ್ನು ಮಡಚಿ ಬಿಲ್ ಫೈಲಿನಲ್ಲೇ ಇಡಿ.

ಲೈನ್ ಆಫ್, ನಿಜವಾಗಿಯೂ ಆಫ್

ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಹಾಕಿರುವುದು ಎಷ್ಟೋ ಕಡೆ ಸಿಗುತ್ತದೆ. ಅಲ್ಲಿ ಸ್ವಿಚ್ ಆಫ್ ಆದರೆ ದೀಪ ಆರುತ್ತದೆ, ಫೇಸ್ ಮಾತ್ರ ಫಿಟ್ಟಿಂಗಿನೊಳಗೆ ಹಾಗೇ ಇರುತ್ತದೆ. ಎಲ್‌ಇಡಿ ಆಫ್ ಆದ ಮೇಲೂ ಮಂಕಾಗಿ ಮಿಣುಕುತ್ತಿದ್ದರೆ ಉಲ್ಟಾ ವೈರಿಂಗ್ ಇರಬಹುದು ಎಂದೇ ಮೊದಲು ಪರೀಕ್ಷಿಸಿ.

ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಎಂಸಿಬಿ ಇಳಿಸಿ. ಅದಕ್ಕೆ ಬೀಗ ಹಾಕುವ ಕ್ಲಿಪ್ ಸಿಗುತ್ತದೆ. ಅದಿಲ್ಲದಿದ್ದರೆ ಡಿಬಿಯ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಏಣಿ ಹತ್ತುವವರೇ ಜೇಬಿಗೆ ಹಾಕಿಕೊಳ್ಳಬೇಕು. ‘ಮೇಲೆ ಕೆಲಸ ನಡೆದಿದೆ’ ಎಂದು ಬೋರ್ಡ್ ತೂಗುಹಾಕಿ. ಅಂಗಡಿಯ ಹುಡುಗ ಫ್ರಿಜ್ ಆಫ್ ಆಗಿದೆಯೆಂದು ಓಡಿಹೋಗಿ ಎಂಸಿಬಿ ಎತ್ತುವುದಕ್ಕೆ ಒಂದು ಸೆಕೆಂಡ್ ಸಾಕು.

ಆಮೇಲೆ ಮೀಟರಿನಿಂದ ಪರೀಕ್ಷೆ. ಮಲ್ಟಿಮೀಟರನ್ನು ಮೊದಲು ಕರೆಂಟ್ ಇರುವ ಸಾಕೆಟ್ಟಿನಲ್ಲಿ ಹಿಡಿದು 230 ವೋಲ್ಟ್ ತೋರಿಸುತ್ತದೆಯೇ ನೋಡಿ, ಆಮೇಲೆ ಫಿಟ್ಟಿಂಗಿನ ಟರ್ಮಿನಲ್‌ನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಅಳೆಯಿರಿ, ಮತ್ತೆ ಸಾಕೆಟ್ಟಿಗೆ ಹೋಗಿ ಮೀಟರ್ ಬದುಕಿದೆಯೇ ನೋಡಿ. ಸ್ಕ್ರೂಡ್ರೈವರ್ ಟೆಸ್ಟರ್ ಒಂದನ್ನೇ ನಂಬಬೇಡಿ. ಫೈಬರ್ ಏಣಿಯ ಮೇಲೆ, ಒಣ ರಬ್ಬರ್ ಚಪ್ಪಲಿಯಲ್ಲಿ ನಿಂತವರ ಕೈಯಲ್ಲಿ ಅದು ಸರಿಯಾಗಿ ಬೆಳಗದೇ ಇರಬಹುದು.

ಎಮರ್ಜೆನ್ಸಿ ಲೈಟಿಗೆ ತನ್ನದೇ ಬ್ಯಾಟರಿ ಇದೆ. ಮೇನ್ ಇಳಿಸಿದ ಕೂಡಲೇ ಅದು ಹೊತ್ತಿಕೊಳ್ಳುತ್ತದೆ, ಒಳಗಿನ ಭಾಗಗಳು ಜೀವಂತವಾಗಿಯೇ ಇರುತ್ತವೆ. ಬ್ಯಾಟರಿ ಕನೆಕ್ಟರ್ ಬಿಚ್ಚಿದ ಮೇಲೆಯೇ ಅದು ಆಫ್. ಬ್ಯಾಟರಿ ಉಬ್ಬಿದ್ದರೆ ಒತ್ತದೆ, ಚುಚ್ಚದೆ ಮರಳು ತುಂಬಿದ ಬಕೆಟ್ಟಿನಲ್ಲಿಟ್ಟು ಬಯಲಿಗೆ ಒಯ್ಯಿರಿ.

ಇದೆಲ್ಲ ಅಂಗಡಿ ಮಾಲೀಕರು ತಾವೇ ಮಾಡುವ ಕೆಲಸವಲ್ಲ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸಿ, ಕೆಲಸದ ಬಿಲ್ ಪಡೆಯಿರಿ. ಕಂಪನಿಯಿಂದ ಕೂಲಿ ಕೇಳುವಾಗ ಅದೇ ಆಧಾರ.

ಇಳಿಸುವಾಗ

ಎರಡಡಿ ಚೌಕದ ಪ್ಯಾನೆಲ್ ಫಾಲ್ಸ್ ಸೀಲಿಂಗಿನ ಲೋಹದ ಚೌಕಟ್ಟಾದ ಟಿ-ಗ್ರಿಡ್ಡಿನ ಮೇಲೆ ಸುಮ್ಮನೆ ಕೂತಿರುತ್ತದೆ. ಎರಡೂ ಅಂಗೈಯಿಂದ ಮೇಲಕ್ಕೆ ಎತ್ತಿ, ಒಂದು ಮೂಲೆಯನ್ನು ತಗ್ಗಿಸಿ, ಓರೆಯಾಗಿ ಕೆಳಕ್ಕೆ ಜಾರಿಸಬೇಕು. ವೈರಿನಲ್ಲಿ ತೂಗಬಿಡಬೇಡಿ, ಕನೆಕ್ಟರ್ ಕಿತ್ತು ಬರುತ್ತದೆ. ಡ್ರೈವರಿನ ಔಟ್‌ಪುಟ್ ಕನೆಕ್ಟರ್ ಬಿಚ್ಚುವ ಮುಂಚೆ ಲೈನ್ ಆಫ್ ಆಗಿ 5 ನಿಮಿಷವಾದರೂ ಕಳೆದಿರಲಿ, ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಮಾತ್ರ ಚಹಾದ ಕಲೆಯ ಹಾಗೆ ಕಂದಾಗಿ, ಉಗುರಿನಿಂದ ಕೆರೆದರೆ ಬಿಸ್ಕತ್ತಿನಂತೆ ಪುಡಿಯಾದರೆ ಆ ಪಿನ್ ಸಡಿಲವಿದ್ದು ಕಾದಿದೆ ಎಂದರ್ಥ. ಫೋಟೊ ತೆಗೆದ ಮೇಲೆಯೇ ಮುಂದಿನ ಕೆಲಸ.

ಗೋದಾಮಿನ ಎತ್ತರದ ಚಾವಣಿಗೆ ತೂಗುಹಾಕುವ ಹೈಬೇ ಲೈಟ್ ಮೂರು ನಾಲ್ಕು ಕಿಲೊ ತೂಗುತ್ತದೆ. ಒಬ್ಬರು ಹಿಡಿದು ಒಬ್ಬರು ಬಿಚ್ಚುವುದು, ಹಗ್ಗ ಕಟ್ಟಿ ಇಳಿಸುವುದು, ಕೆಳಗೆ ಯಾರೂ ನಿಲ್ಲದ ಹಾಗೆ ಚೀಲಗಳಿಂದ ಅಡ್ಡ ಕಟ್ಟುವುದು. ಟ್ರಸ್ಸಿನ ಮೇಲೆ ಹತ್ತಬೇಡಿ, ಸ್ಕ್ಯಾಫೋಲ್ಡಿಂಗ್ ತರಿಸಿ.

ಇಳಿಸಿದ್ದನ್ನು ಒಳಗೇನಾಗಿದೆ ಎಂದು ಬಿಚ್ಚಿ ನೋಡುವ ಕುತೂಹಲ ಎಲ್ಲರಿಗೂ ಇರುತ್ತದೆ. ಬಿಚ್ಚಬೇಡಿ. ಮಾರಿದವರ ವಿರುದ್ಧ ಉತ್ಪನ್ನ ಹೊಣೆಯ ದಾವೆ ಹೂಡುವಾಗ ‘ಇದನ್ನು ಬದಲಾಯಿಸಿದ್ದರು, ತಪ್ಪಾಗಿ ಬಳಸಿದ್ದರು’ ಎಂದು ಅವರು ತೋರಿಸಿದರೆ ದಾವೆ ನಿಲ್ಲುವುದಿಲ್ಲ. ಸೀಲ್ ಒಡೆದ ಡ್ರೈವರ್ ಅವರ ಕೈಗೆ ಕೊಡುವ ಅಸ್ತ್ರ. ನಂಬರ್ ಬರೆದ ಚೀಟಿ ಕಟ್ಟಿ, ಒಣ ಜಾಗದಲ್ಲಿ, ಗೋಣಿಚೀಲಗಳಿಂದ ದೂರ ಜೋಡಿಸಿಡಿ.

ದೋಷ ಎಲ್ಲಿರುತ್ತದೆ

ನೋಟಿಸಿನಲ್ಲಿ ‘ಓವರ್‌ಹೀಟಿಂಗ್ ಸಾಧ್ಯತೆ’ ಎಂಬ ಎರಡೇ ಪದ ಇರುತ್ತದೆ. ಅದರ ಹಿಂದೆ ಏನಿದೆ ಅಂತ ಗೊತ್ತಿದ್ದರೆ, ರಿಕಾಲ್ ಆಗದ ಫಿಟ್ಟಿಂಗಿನಲ್ಲೂ ಅದೇ ಲಕ್ಷಣ ಕಂಡಾಗ ಗುರುತಿಸಬಹುದು.

ಎಲ್‌ಇಡಿ ಫಿಟ್ಟಿಂಗಿನಲ್ಲಿ ಮೊದಲು ಸೋಲುವುದು ಡ್ರೈವರ್. ಅದರಲ್ಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಷ್ಯ, ಸುತ್ತಲಿನ ಬಿಸಿ ಪ್ರತಿ 10 ಡಿಗ್ರಿ ಏರಿದಂತೆ ಸುಮಾರು ಅರ್ಧವಾಗುತ್ತದೆ. ಡ್ರೈವರ್ ಮೇಲೆ ‘ಟಿಸಿ’ ಎಂದು ಒಂದು ಚುಕ್ಕಿ, ಪಕ್ಕದಲ್ಲಿ ಒಂದು ಉಷ್ಣತೆ ಅಚ್ಚಾಗಿರುತ್ತದೆ. ಆ ಚುಕ್ಕಿಯ ಬಿಸಿ ಆ ಅಂಕಿ ದಾಟಬಾರದು. ‘ಟಿಎ’ ಎಂದರೆ ಸುತ್ತಲಿನ ಗಾಳಿ ಎಷ್ಟು ಬಿಸಿ ಇರಬಹುದು ಎಂಬುದು. ಫಿಟ್ಟಿಂಗಿನ ಮೇಲೆ ‘ಟಿಎ’ ಬರೆದಿಲ್ಲದಿದ್ದರೆ 25 ಡಿಗ್ರಿ ಎಂದೇ ಲೆಕ್ಕ. ಚಿಕ್ಕಮಗಳೂರು ತಂಪಿನ ಊರು ಎಂದು ಇದನ್ನು ಬಿಟ್ಟುಬಿಡುವುದು ತಪ್ಪು. ಏಪ್ರಿಲಿನ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ, ಫಾಲ್ಸ್ ಸೀಲಿಂಗಿನ ಮೇಲಿನ ಮುಚ್ಚಿದ ಜಾಗದಲ್ಲಿ ಊರಿನ ತಂಪು ತಲುಪುವುದಿಲ್ಲ. ಅದರ ಮೇಲೆ ಬಿಸಿ ತಡೆಯಲೆಂದು ಥರ್ಮೋಕೋಲ್ ಹಾಸಿದರೆ ಡ್ರೈವರಿಗೆ ಕಂಬಳಿ ಹೊದಿಸಿದ ಹಾಗೆ.

ಕಾಫಿ ಕ್ಯೂರಿಂಗ್ ಕಡೆ ಇನ್ನೊಂದಿದೆ. ಕಾಫಿ ಸಿಪ್ಪೆ ಸುಲಿಯುವ ಹಲ್ಲರ್ ಯಂತ್ರದ ಹೊಟ್ಟಿನ ಧೂಳು ಫಿಟ್ಟಿಂಗಿನ ಬಿಸಿ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂತು ಗಾಳಿ ಓಡುವ ದಾರಿ ಮುಚ್ಚುತ್ತದೆ. ಆ ಧೂಳೇ ಹೊತ್ತಿಕೊಳ್ಳುವ ಪದಾರ್ಥ, ಕೆಳಗೆ ಗೋಣಿಚೀಲಗಳ ಅಟ್ಟಿ. ಇಂಥ ಕಡೆ ಧೂಳು ಒಳಹೋಗದ, ಐಪಿ 65 ದರ್ಜೆಯ ಮುಚ್ಚಿದ ಫಿಟ್ಟಿಂಗೇ ಬೇಕು, ಸುಗ್ಗಿ ಕಾಲದಲ್ಲಿ ವಾರಕ್ಕೊಮ್ಮೆ ಲೈನ್ ಆಫ್ ಮಾಡಿ ಧೂಳು ತೆಗೆಸಬೇಕು.

ಎರಡನೆಯ ದೋಷ ಇನ್ಸುಲೇಶನ್. ಅಗ್ಗದ ಫಿಟ್ಟಿಂಗಿನಲ್ಲಿ ಡ್ರೈವರ್ ನಾನ್-ಐಸೊಲೇಟೆಡ್ ಇರುತ್ತದೆ. ಅಂದರೆ ಮೇನ್ ಲೈನಿಗೂ ಎಲ್‌ಇಡಿಗೂ ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲ. ಲೇಬಲಿನಲ್ಲಿ ‘ಔಟ್‌ಪುಟ್ 36 ವೋಲ್ಟ್ ಡಿಸಿ’ ಎಂದಿದ್ದರೂ ಆ ತಂತಿ ಮುಟ್ಟಿ ನೆಲದ ಮೇಲೆ ನಿಂತರೆ 230 ವೋಲ್ಟಿನ ಹೊಡೆತವೇ. ಎಲ್‌ಇಡಿ ಕೂತಿರುವ ಅಲ್ಯೂಮಿನಿಯಂ ಹಲಗೆಗೂ ಅದರ ಮೇಲಿನ ತಾಮ್ರದ ಗೆರೆಗೂ ಮಧ್ಯೆ ಕೂದಲೆಳೆಯಷ್ಟು ತೆಳುವಾದ ಪದರ ಮಾತ್ರ. ಸ್ಕ್ರೂವಿನ ತಲೆ ಸ್ವಲ್ಪ ಪಕ್ಕಕ್ಕೆ ಕೂತರೂ ಮಳೆಗಾಲದ ತೇವಕ್ಕೆ ಅಲ್ಲಿ ಲೀಕ್ ಶುರು. ಅರ್ಥಿಂಗ್ ಇಲ್ಲದ ಕಡೆ ಇಡೀ ಫಿಟ್ಟಿಂಗ್ ದೇಹವೇ ಶಾಕ್ ಹೊಡೆಯುತ್ತದೆ.

ಮೂರನೆಯದು ತೂಗುವ ಭಾಗ. ಸ್ಟ್ಯಾಂಡರ್ಡಿನ ಪ್ರಕಾರ ತೂಗುವ ವ್ಯವಸ್ಥೆ ಫಿಟ್ಟಿಂಗಿನ ತೂಕದ ನಾಲ್ಕು ಪಟ್ಟು ಭಾರವನ್ನು ಒಂದು ಗಂಟೆ ತಡೆಯಬೇಕು. ಕ್ಲಿಪ್ಪಿನ ಪ್ಲಾಸ್ಟಿಕ್ ಬಿಸಿಗೆ ಪೆಡಸಾಗಿ ಮುರಿದರೆ ಡಿಫ್ಯೂಸರ್ ಗಾಜೋ ಇಡೀ ದೀಪವೋ ಗಿರಾಕಿಯ ತಲೆಯ ಮೇಲೆ.

ನಾಲ್ಕನೆಯದು, ಹಳೆಯ ಟ್ಯೂಬ್‌ಲೈಟ್ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕುವುದು. ಇದು ರಿಕಾಲ್‌ಗೂ ಕಾರಣವಾಗುತ್ತದೆ, ನಮ್ಮ ಕೈತಪ್ಪಿಗೂ. ಕೆಲವು ಟ್ಯೂಬಿಗೆ ಒಂದೇ ತುದಿಯಲ್ಲಿ ಸಪ್ಲೈ, ಕೆಲವಕ್ಕೆ ಎರಡೂ ತುದಿಯಲ್ಲಿ, ಕೆಲವು ಚೋಕಿನ ಜೊತೆ ನಡೆಯುವವು, ಕೆಲವಕ್ಕೆ ಚೋಕ್ ಪೂರ್ತಿ ತೆಗೆಯಲೇಬೇಕು. ಚೋಕ್ ತೆಗೆದು ನೇರ ವೈರ್ ಮಾಡಿದ ಪಟ್ಟಿಗೆ ನಾಳೆ ಯಾರೋ ಬೇರೆ ಜಾತಿಯ ಟ್ಯೂಬ್ ಸಿಕ್ಕಿಸಿದರೆ ಶಾರ್ಟ್. ಒಂದು ತುದಿ ಹೋಲ್ಡರಿನಲ್ಲಿದ್ದು ಇನ್ನೊಂದು ತುದಿ ಕೈಯಲ್ಲಿದ್ದಾಗ ಆ ಪಿನ್ನಿನಲ್ಲಿ ಕರೆಂಟ್ ಬರುವ ಕೆಟ್ಟ ಟ್ಯೂಬುಗಳೂ ಇವೆ. ಪಟ್ಟಿಯ ಮೇಲೆ ‘ಚೋಕ್ ತೆಗೆದಿದೆ, ಎಲ್‌ಇಡಿ ಮಾತ್ರ, ಈ ತುದಿಗೆ ಸಪ್ಲೈ’ ಎಂದು ಅಳಿಸದ ಮಸಿಯಲ್ಲಿ ಬರೆಯಿಸಿ.

ಕಂಪನಿಯ ತಪ್ಪೋ, ನಮ್ಮ ಲೈನಿನ ತಪ್ಪೋ

ಕಂಪನಿಯವರ ಮೊದಲ ಉತ್ತರ ‘ನಿಮ್ಮಲ್ಲಿ ವೋಲ್ಟೇಜ್ ಜಾಸ್ತಿ’ ಎಂದೇ ಇರುತ್ತದೆ. ಮಲೆನಾಡಿನಲ್ಲಿ ಅದು ಪೂರಾ ಸುಳ್ಳೂ ಅಲ್ಲ. ಮುಂಗಾರಿಗೆ ಮುಂಚಿನ ಗುಡುಗು-ಸಿಡಿಲಿನಲ್ಲಿ ಲೈನಿಗೆ ಸರ್ಜ್, ಅಂದರೆ ಕ್ಷಣಮಾತ್ರದ ಭಾರೀ ವೋಲ್ಟೇಜ್, ಬರುತ್ತದೆ. ಮರ ಬಿದ್ದು ತ್ರೀ-ಫೇಸ್ ಲೈನಿನ ನ್ಯೂಟ್ರಲ್ ಕಡಿದರೆ 230ರ ಜಾಗದಲ್ಲಿ 400 ವೋಲ್ಟಿನ ಹತ್ತಿರಕ್ಕೂ ಏರಬಹುದು. ಆದ್ದರಿಂದ ಮುಂಚೆಯೇ ಲೆಕ್ಕ ಇಟ್ಟುಕೊಳ್ಳಿ.

ಒಂದೇ ರಾತ್ರಿ ಬೇರೆ ಬೇರೆ ಕಂಪನಿಯ ದೀಪ, ಫ್ಯಾನ್ ರೆಗ್ಯುಲೇಟರ್, ಮೋಡೆಮ್ ಎಲ್ಲ ಒಟ್ಟಿಗೆ ಹೋದರೆ ತಪ್ಪು ಲೈನಿನದು. ಬೇರೆ ಬೇರೆ ಎಂಸಿಬಿಯಲ್ಲಿರುವ, ಬೇರೆ ಬೇರೆ ತಿಂಗಳಲ್ಲಿ ಕೆಟ್ಟ ದೀಪಗಳೆಲ್ಲ ಒಂದೇ ಮಾಡೆಲ್, ಒಂದೇ ಜಾಗದಲ್ಲಿ ಸುಟ್ಟಿದ್ದರೆ ತಪ್ಪು ಫಿಟ್ಟಿಂಗಿನದು. ಒಂದೇ ಕೋಣೆಯಲ್ಲಿ ಮಾತ್ರ ಕೆಡುತ್ತಿದ್ದರೆ ಆ ಕೋಣೆಯ ಜಾಯಿಂಟ್, ತೇವ, ಹಲ್ಲಿ, ಇಲಿ ನೋಡಿ. ಈ ಮೂರನ್ನು ಬೇರ್ಪಡಿಸಲು ಬೇಕಾಗುವುದು ಮೇಲೆ ಹೇಳಿದ ನೋಟ್‌ಬುಕ್ಕೇ. ಕೆಟ್ಟ ದಿನ, ನಂಬರ್, ಏನಾಯಿತು ಎಂದು ಒಂದೊಂದು ಸಾಲು ಬರೆದಿದ್ದರೆ ವಾದವೇ ಬೇಕಿಲ್ಲ.

ಜೊತೆಗೆ ಗುತ್ತಿಗೆದಾರರಿಂದ ಒಂದು ಪರೀಕ್ಷಾ ವರದಿ ಪಡೆಯಿರಿ. ಡಿಬಿಯಲ್ಲಿ ಬೆಳಿಗ್ಗೆ ಮತ್ತು ಸಂಜೆಯ ವೋಲ್ಟೇಜ್. ಮೆಗ್ಗರಿನಲ್ಲಿ (ಇನ್ಸುಲೇಶನ್ ಅಳೆಯುವ ಮೀಟರ್) 500 ವೋಲ್ಟ್ ಡಿಸಿ ಹಾಕಿ ವೈರಿಂಗಿನ ಇನ್ಸುಲೇಶನ್: 1 ಮೆಗಾ ಓಮ್‌ಗಿಂತ ಕಡಿಮೆ ಬರಬಾರದು. ಈ ಪರೀಕ್ಷೆಗೆ ಡ್ರೈವರ್, ಸರ್ಜ್ ಪ್ರೊಟೆಕ್ಟರ್ ಎಲ್ಲ ಬಿಚ್ಚಿಡಬೇಕು, ಇಲ್ಲವಾದರೆ ಒಳ್ಳೆಯ ಡ್ರೈವರೂ ಹಾಳಾಗಬಹುದು, ರೀಡಿಂಗೂ ಸುಳ್ಳು ಬರುತ್ತದೆ. ಫಿಟ್ಟಿಂಗಿನ ಲೋಹದ ದೇಹದಿಂದ ಅದರ ಅರ್ಥ್ ಟರ್ಮಿನಲ್‌ಗೆ 0.5 ಓಮ್‌ಗಿಂತ ಹೆಚ್ಚು ಇರಬಾರದು. ಕರೆಂಟ್ ಲೀಕ್ ಆದಾಗ ಲೈನ್ ಕಡಿಯುವ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದರೆ ಟ್ರಿಪ್ ಆಗಬೇಕು.

ಕಂಪನಿಗೆ ಬರೆಯುವುದು

ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡೂ ಕಳಿಸಿ, ಡೀಲರಿಗೂ ಒಂದು ಪ್ರತಿ. ಇಷ್ಟು ಸಾಕು:

‘ನಿಮ್ಮ ಕಂಪನಿಯ ಇಂಥ ಮಾಡೆಲ್ಲಿನ ಇಷ್ಟು ಫಿಟ್ಟಿಂಗ್‌ಗಳನ್ನು ಇಂಥ ದಿನಾಂಕದ, ಇಂಥ ಸಂಖ್ಯೆಯ ಬಿಲ್ಲಿನಲ್ಲಿ ಕೊಂಡಿದ್ದೇವೆ. ಅವುಗಳಲ್ಲಿ ಇಷ್ಟು ನಿಮ್ಮ ವಾಪಸಾತಿ ನೋಟಿಸಿನ ಬ್ಯಾಚಿಗೆ ಸೇರಿವೆ. ಪಟ್ಟಿ ಮತ್ತು ಲೇಬಲಿನ ಫೋಟೊ ಲಗತ್ತಿಸಿದೆ. ಇಂಥ ದಿನದಿಂದ ಬಳಕೆ ನಿಲ್ಲಿಸಿ, ಇಳಿಸಿ, ಬಿಚ್ಚದೆ ಇಟ್ಟಿದ್ದೇವೆ. ಬದಲಿ ಅಥವಾ ಹಣ, ಇಳಿಸಿ-ಏರಿಸುವ ಕೂಲಿ ಮತ್ತು ಸಾಗಾಟದ ವೆಚ್ಚವನ್ನು ಯಾವ ದಿನದೊಳಗೆ ಕೊಡುವಿರಿ ಎಂದು 15 ದಿನದಲ್ಲಿ ಬರೆದು ತಿಳಿಸಿ. ನಿಮ್ಮ ಪ್ರತಿನಿಧಿ ಬಂದು ಸಹಿ ಹಾಕಿ ರಶೀದಿ ಕೊಟ್ಟ ಮೇಲೆಯೇ ಫಿಟ್ಟಿಂಗ್ ಒಪ್ಪಿಸುತ್ತೇವೆ.’

ಕೊನೆಯ ವಾಕ್ಯ ಬಿಡಬೇಡಿ. ರಶೀದಿಯಿಲ್ಲದೆ ಫಿಟ್ಟಿಂಗ್ ವ್ಯಾನ್ ಹತ್ತಿದರೆ ಸಾಕ್ಷಿಯೂ ಅದರ ಜೊತೆ ಹೋಯಿತು. ವಿಷಯ ವಿವಾದಕ್ಕೆ ತಿರುಗುವ ಸೂಚನೆ ಇದ್ದರೆ ಒಂದೆರಡನ್ನು ಕೊಡದೆ ಇಟ್ಟುಕೊಳ್ಳಿ.

ಸ್ಥಳದಲ್ಲೇ ‘ರಿಪೇರಿ ಕಿಟ್’ ಹಾಕುತ್ತೇವೆ ಎಂದರೆ, ಯಾವ ಭಾಗ ಬದಲಾಗುತ್ತದೆ, ಹೊಸ ಡ್ರೈವರಿನ ಆರ್-ನಂಬರ್ ಏನು, ವಾರಂಟಿ ಎಂದಿನಿಂದ ಎಂದು ಕೇಳಿ ಬರೆಸಿಕೊಳ್ಳಿ. ಹಳೆಯದೇ ಡ್ರೈವರಿಗೆ ಹೊಸ ಸ್ಟಿಕರ್ ಅಂಟಿಸಿ ಹೋದರೆ ಒಪ್ಪಬೇಡಿ.

ಕಂಪನಿ ಕೈ ಎತ್ತಿದರೆ

1915ಕ್ಕೆ ದೂರು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ದೂರು, ಎರಡೂ ಕಡೆ ಸಂಖ್ಯೆ ಸಿಗುತ್ತದೆ. ಒಂದೇ ಬ್ಯಾಚ್ ಊರಿನ ಹಲವರಿಗೆ ಬಂದಿದ್ದರೆ ಎಲ್ಲರೂ ಸೇರಿ ಜಿಲ್ಲಾಧಿಕಾರಿಗೆ ಬರೆಯಿರಿ. ಗ್ರಾಹಕರ ಸಮೂಹಕ್ಕೆ ಹಾನಿಯಾಗುವ ದೂರನ್ನು ಜಿಲ್ಲಾಧಿಕಾರಿಗೇ ಕೊಡಬಹುದು ಎಂದು 2019ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಈ ದಾರಿಯನ್ನು ನಮ್ಮ ಕಡೆ ಬಳಸುವವರು ತೀರಾ ಕಡಿಮೆ, ಬಳಸಬೇಕು.

ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗಿನ ವ್ಯವಹಾರ ಅಲ್ಲಿಗೇ ಬರುತ್ತದೆ. ಒಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಕಾಯ್ದೆ ‘ಗ್ರಾಹಕ’ ಎನ್ನುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡಿದ್ದರೆ ಅದು ವಾಣಿಜ್ಯ ಉದ್ದೇಶವಲ್ಲ ಎಂದೂ ಅಲ್ಲೇ ಬರೆದಿದೆ. ಗಂಡ-ಹೆಂಡತಿ ನಡೆಸುವ ಕಿರಾಣಿ ಅಂಗಡಿ, ದರ್ಜಿ ಅಂಗಡಿಯವರು ಇದನ್ನು ದೂರಿನಲ್ಲೇ ಸ್ಪಷ್ಟವಾಗಿ ಬರೆಯಬೇಕು. ದೊಡ್ಡ ಕ್ಯೂರಿಂಗ್ ವರ್ಕ್ಸ್, ಮಾಲ್‌ಗಳಿಗೆ ಸಿವಿಲ್ ನ್ಯಾಯಾಲಯದ ದಾರಿ, ವಕೀಲರನ್ನು ಕೇಳಿ.

ತಯಾರಕರ ಹೆಸರೇ ಇಲ್ಲದ ಪ್ಯಾನೆಲ್ ಆಗಿದ್ದರೆ? ತಯಾರಕರು ಯಾರೆಂದು ಗೊತ್ತಾಗದಿದ್ದಾಗ ಅದರಿಂದಾದ ಹಾನಿಯ ಹೊಣೆ ಮಾರಿದವರ ಮೇಲೆ ಬರುತ್ತದೆ. ಅದಕ್ಕೆ ಮಾರಿದ್ದು ಅವರೇ ಎಂದು ತೋರಿಸುವ ಬಿಲ್ ಬೇಕು. ಜಿಎಸ್‌ಟಿ ಉಳಿಸಲು ಬಿಲ್ ಬೇಡ ಎಂದವರು ಇಲ್ಲಿ ಕೈಚೆಲ್ಲಬೇಕಾಗುತ್ತದೆ.

ಶಾಕ್ ಹೊಡೆದು ಯಾರಿಗಾದರೂ ಗಾಯವಾದರೆ, ಜೀವ ಹೋದರೆ, ಅದು ದನವೇ ಆಗಿರಲಿ, ಜಾಗವನ್ನು ಮುಟ್ಟದೆ ವಿದ್ಯುತ್ ಪರಿವೀಕ್ಷಣಾಲಯಕ್ಕೆ ತಿಳಿಸಬೇಕು. ಜೀವಹಾನಿಯಾದರೆ 24 ಗಂಟೆಯೊಳಗೆ ಸುದ್ದಿ, ಯಾವುದೇ ಅಪಘಾತಕ್ಕೆ 48 ಗಂಟೆಯೊಳಗೆ ಲಿಖಿತ ವರದಿ. ಚಿಕ್ಕಮಗಳೂರಿನವರು ಮೆಸ್ಕಾಂಗೂ, ಹಾಸನದವರು ಸೆಸ್ಕ್‌ಗೂ ತಿಳಿಸಿ.

ಹೊಸದು ಹಾಕುವಾಗ

ಬದಲಿ ಬಂದ ಫಿಟ್ಟಿಂಗನ್ನು ಅದೇ ಬ್ಯಾಚಿನದಲ್ಲ ಎಂದು ನೋಡಿಯೇ ಒಳಗೆ ತನ್ನಿ. ಗೋದಾಮಿನ ಹಳೆಯ ದಾಸ್ತಾನು ಸುತ್ತಿ ಬರುವುದುಂಟು. ಒಂದನ್ನು ಮೇಜಿನ ಮೇಲೆ 4 ಗಂಟೆ ಉರಿಸಿ, ಆಫ್ ಮಾಡಿ, ಡ್ರೈವರಿನ ಟಿಸಿ ಚುಕ್ಕಿಯ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿ. ಮೇಜಿನ ಮೇಲೆಯೇ ಅದು ಮಿತಿಗೆ 10 ಡಿಗ್ರಿಯಷ್ಟು ಹತ್ತಿರವಿದ್ದರೆ ಸೀಲಿಂಗಿನ ಮೇಲೆ ಖಂಡಿತ ದಾಟುತ್ತದೆ. ಅರ್ಥ್ ವೈರ್ ಮೂರನೆಯ ತಂತಿಯಾಗಿ ಬಂದಿದ್ದರೆ ಕತ್ತರಿಸಿ ಬಿಡದೆ ಕೂಡಿಸಿ. ಲೈಟಿಂಗ್ ಸರ್ಕ್ಯೂಟಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ, ಮೇನ್ ಡಿಬಿಗೆ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಹಾಕಿಸಲು ಇದೇ ಸರಿಯಾದ ಸಮಯ. ಹೈಬೇಗೆ ಕೊಕ್ಕೆಯ ಜೊತೆ ಬೇರೆಯಾಗಿ ಒಂದು ಸುರಕ್ಷತಾ ಸರಪಳಿ.

ಇಳಿಸಿದ್ದು ಹೋಗಬಾರದ ಜಾಗ

ಇದನ್ನು ಒತ್ತಿ ಹೇಳಬೇಕು. ಅಂಗಡಿಯಿಂದ, ರೆಸಾರ್ಟಿನಿಂದ ಇಳಿಸಿದ ಫಿಟ್ಟಿಂಗ್ ‘ಇನ್ನೂ ಉರಿಯುತ್ತದಲ್ಲ’ ಎಂದು ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗೆ, ಕೊಟ್ಟಿಗೆಗೆ, ಕಾಫಿ ಸ್ಟೋರಿಗೆ ಹೋಗುತ್ತದೆ. ಲೈನ್ ಮನೆಗಳಲ್ಲಿ ಅರ್ಥಿಂಗ್ ಇರುವುದು ಕಡಿಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆ, ಒಂದೇ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಅಂಗಡಿಯಲ್ಲಿ ಆರ್‌ಸಿಸಿಬಿ ತಡೆದಿದ್ದ ದೋಷವನ್ನು ಅಲ್ಲಿ ತಡೆಯುವುದು ಏನೂ ಇಲ್ಲ. ಗುಜರಿಗೆ ಕೊಟ್ಟರೂ ಅಷ್ಟೆ, ಸಂತೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಮತ್ತೆ ಯಾರದೋ ಮನೆ ಸೇರುತ್ತದೆ.

ಕಂಪನಿ ಒಯ್ಯುವುದಾದರೆ ಅವರಿಗೇ. ಒಯ್ಯದೆ ಹಣ ಮಾತ್ರ ಕೊಟ್ಟರೆ, ವಿವಾದ ಮುಗಿದ ಮೇಲೆ ಪ್ರತಿ ಫಿಟ್ಟಿಂಗಿನ ವೈರನ್ನು ಬುಡಕ್ಕೆ ಕತ್ತರಿಸಿ, ದೇಹದ ಮೇಲೆ ದಪ್ಪವಾಗಿ ‘ಬಳಸಬಾರದು’ ಎಂದು ಬರೆದು, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಕೊಟ್ಟು ರಶೀದಿ ಪಡೆಯಿರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ದೀಪದ ಫಿಟ್ಟಿಂಗ್‌ಗಳೂ ಸೇರಿವೆ. ಹಳೆಯ ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ, ಒಡೆಯದೆ ಅದೇ ಡಬ್ಬದಲ್ಲಿ ನಿಲ್ಲಿಸಿ ಕೊಡಿ.

ರಶೀದಿ ಬಂದ ದಿನ ನೋಟ್‌ಬುಕ್ಕಿನಲ್ಲಿ ಆ ಫಿಟ್ಟಿಂಗಿನ ನಂಬರಿನ ಮುಂದೆ ದಿನಾಂಕ ಹಾಕಿ ಗೆರೆ ಎಳೆಯಿರಿ, ಅದೇ ಜಾಗದ ಹೊಸ ಫಿಟ್ಟಿಂಗಿನ ಲೇಬಲ್ ವಿವರವನ್ನು ಕೆಳಗಿನ ಸಾಲಿಗೆ ಬರೆಯಿರಿ. ಪಟ್ಟಿಯಲ್ಲಿ ಗೆರೆ ಬೀಳದ ನಂಬರ್ ಒಂದು ಉಳಿದಿದ್ದರೂ ಆ ಫಿಟ್ಟಿಂಗ್ ಎಲ್ಲಿದೆ ಎಂದು ಹುಡುಕಿ.